ಅಡ್ಡ ಎಂಜಿನ್ ಉದ್ದಕ್ಕೆ ತಿರುಗಿದಾಗ

ಮಾರುತಿ 800 ಕಾರಿನ ಬಾನೆಟ್ ಎತ್ತಿ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅದರ ಮೂರು ಸಿಲಿಂಡರಿನ ಪುಟ್ಟ ಎಂಜಿನ್ ಕಾರಿನ ಅಗಲಕ್ಕೆ, ಅಂದರೆ ಅಡ್ಡಡ್ಡವಾಗಿ ಕುಳಿತಿದೆ. ಅದು ತಿರುಗಿಸುವುದು ಮುಂದಿನ ಚಕ್ರಗಳನ್ನು. ಈಗ ಅದೇ ಕಂಪನಿಯ ಓಮ್ನಿ ವ್ಯಾನಿನ ಬಳಿ ಬನ್ನಿ. ಎಂಜಿನ್ ನೋಡಬೇಕಾದರೆ ಇಲ್ಲಿ ಬಾನೆಟ್ ಅಲ್ಲ, ಮುಂದಿನ ಸೀಟನ್ನೇ ಎತ್ತಬೇಕು. ಅದರಡಿ ಕಾಣುವುದು ಅದೇ 796 ಸಿ.ಸಿ. ಎಂಜಿನ್. ಆದರೆ ಇಲ್ಲಿ ಅದು ವಾಹನದ ಉದ್ದಕ್ಕೆ ಮಲಗಿದೆ. ತಿರುಗಿಸುವುದು ಹಿಂದಿನ ಚಕ್ರಗಳನ್ನು.

ಒಂದೇ ಎಂಜಿನ್, ಎರಡು ದಿಕ್ಕು. ಹಾಗಾದರೆ ಅಡ್ಡ ಎಂಜಿನ್ ಒಂದನ್ನು ಕಳಚಿ, ಕಾಲು ಸುತ್ತು ತಿರುಗಿಸಿ, ಹಿಂಚಕ್ರ ಚಾಲನೆಯ ಕಾರಿನಲ್ಲಿ ಕೂರಿಸಿಬಿಡಬಹುದಲ್ಲ? ಅದಕ್ಕೆ ಟರ್ಬೊ ಬೇರೆ ಇದ್ದರೆ ಕೇಳಬೇಕೆ, ಅಗ್ಗದಲ್ಲಿ ರೇಸ್ ಕಾರು ಸಿದ್ಧ! ಕಾರಿನ ಹುಚ್ಚು ಹತ್ತಿದ ಕಾಲೇಜು ಹುಡುಗರು ಪ್ರಪಂಚದ ಎಲ್ಲ ಕಡೆ ಈ ಲೆಕ್ಕ ಹಾಕಿದ್ದಾರೆ. ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಮನೆಯ ಷೆಡ್ಡಿನಲ್ಲೇ ಮಾಡಿ ಮುಗಿಸಿದವರೂ ಇದ್ದಾರೆ. ಅರ್ಧಕ್ಕೆ ಕೈಬಿಟ್ಟವರೂ ಇದ್ದಾರೆ. ಗುಜರಿಯಲ್ಲಿ ಎಂಜಿನ್ ಕೊಂಡ ಹಣ ಇಲ್ಲಿ ಚಿಲ್ಲರೆ ಕಾಸು. ನಿಜವಾದ ಖರ್ಚು ಅದರ ಸುತ್ತಲಿನ ಸಾಮಾನಿನಲ್ಲಿದೆ. ತಾನು ಯಾವ ದಿಕ್ಕಿಗೆ ಮುಖ ಮಾಡಿದ್ದೇನೆ ಎಂಬುದು ಎಂಜಿನ್ನಿಗೆ ತಿಳಿಯದು. ಅದು ತಿಳಿಯುವುದು ಅದರೊಳಗಿನ ಎಣ್ಣೆಗೆ, ಸುತ್ತ ಹರಿಯುವ ನೀರಿಗೆ, ಬೆನ್ನಿಗೆ ಅಂಟಿದ ಗಿಯರ್‌ಬಾಕ್ಸಿಗೆ.

ಅಡ್ಡ ಏಕೆ ಹಾಕಿದರು?

ಅಂಬಾಸಡರ್ ಕಾಲದ ಕಾರುಗಳ ಏರ್ಪಾಡು ಸರಳ. ಮುಂದೆ ಉದ್ದಕ್ಕೆ ಎಂಜಿನ್, ಅದರ ಹಿಂದೆ ಗಿಯರ್‌ಬಾಕ್ಸ್, ಅಲ್ಲಿಂದ ಕಾರಿನ ಹೊಟ್ಟೆಯಡಿಯಲ್ಲಿ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ಇದರಲ್ಲೊಂದು ತೊಡಕಿದೆ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಸುತ್ತುವ ಅಕ್ಷ ಕಾರಿನ ಉದ್ದಕ್ಕೆ. ಚಕ್ರ ಸುತ್ತುವ ಅಕ್ಷ ಕಾರಿನ ಅಗಲಕ್ಕೆ. ಆದ್ದರಿಂದ ಸುತ್ತುವಿಕೆಯನ್ನು ಎಲ್ಲಾದರೂ ಒಂದು ಕಡೆ 90 ಡಿಗ್ರಿ ತಿರುಗಿಸಲೇಬೇಕು. ಹಿಂದಿನ ಆಕ್ಸಲ್‌ನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಭಾಗದಲ್ಲಿ ಕ್ರೌನ್ ಮತ್ತು ಪಿನಿಯನ್ ಎಂಬ ಓರೆ ಹಲ್ಲಿನ ಗಿಯರ್ ಜೋಡಿ ಈ ಕೆಲಸ ಮಾಡುತ್ತದೆ.

ಎಂಜಿನ್ನನ್ನೇ ಅಡ್ಡ ಕೂರಿಸಿದರೆ ಎರಡೂ ಅಕ್ಷಗಳು ಸಮಾಂತರವಾಗುತ್ತವೆ. ದಿಕ್ಕು ಬದಲಿಸುವ ಗೋಜೇ ಇಲ್ಲ. ಮಾಮೂಲಿ ಗಿಯರುಗಳು ಸಾಕು, ಪ್ರೊಪೆಲ್ಲರ್ ಶಾಫ್ಟೂ ಬೇಡ, ಒಳಗೆ ಜನ ಕೂರಲು ಜಾಗವೂ ಹೆಚ್ಚು. ಬ್ರಿಟನ್ನಿನ ಅಲೆಕ್ ಇಸಿಗೋನಿಸ್ 1959ರಲ್ಲಿ ಸುಮಾರು 10 ಅಡಿ ಉದ್ದದ ಮಿನಿ ಕಾರಿನಲ್ಲಿ ಇದನ್ನು ಮಾಡಿ ತೋರಿಸಿದರು. ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಪಡಿತರ ಬಂದಿದ್ದ ದಿನಗಳಲ್ಲಿ ಹುಟ್ಟಿದ ಯೋಚನೆ ಅದು. ಅಡ್ಡ ಎಂಜಿನ್ ಹಾಕಿದವರಲ್ಲಿ ಅವರೇನೂ ಮೊದಲಿಗರಲ್ಲ. ಆದರೆ ಜಗತ್ತಿಗೆ ಅದರ ರುಚಿ ಹತ್ತಿಸಿದ್ದು ಮಿನಿ. ಮಿನಿಯಲ್ಲಿ ಗಿಯರ್‌ಬಾಕ್ಸ್ ಎಂಜಿನ್ನಿನ ಅಡಿಯಲ್ಲಿತ್ತು. ಅದನ್ನು ಎಂಜಿನ್ನಿನ ಪಕ್ಕಕ್ಕೆ ತಂದು, ಇಂದಿನ ಸಣ್ಣ ಕಾರುಗಳೆಲ್ಲ ಅನುಸರಿಸುವ ರೂಪ ಕೊಟ್ಟವರು ಇಟಲಿಯ ಫಿಯೆಟ್ ಎಂಜಿನಿಯರ್ ದಾಂತೆ ಜಕೋಸಾ.

ಈ ಬದಲಾವಣೆ ನಮ್ಮ ಕಣ್ಣೆದುರೇ ನಡೆದದ್ದೂ ಉಂಟು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 2005ರಲ್ಲಿ ಬಂದ ಇನೋವಾ ಉದ್ದ ಎಂಜಿನ್ನಿನ, ಹಿಂಚಕ್ರ ಚಾಲನೆಯ ಬಂಡಿ. 2022ರಲ್ಲಿ ಅದೇ ಹೆಸರಿನಲ್ಲಿ ಬಂದ ಇನೋವಾ ಹೈಕ್ರಾಸ್‌ನಲ್ಲಿ ಎಂಜಿನ್ ಅಡ್ಡವಾಯಿತು, ಚಾಲನೆ ಮುಂದಿನ ಚಕ್ರಕ್ಕೆ ಬಂತು. ಹೆಸರು ಹಾಗೇ ಉಳಿಯಿತು, ಒಳಗಿನ ಅಸ್ಥಿಪಂಜರ ಪೂರ್ತಿ ಬೇರೆಯಾಯಿತು.

ಶಕ್ತಿ ಹೆಚ್ಚಿದರೆ ಟೈರು ಕೇಳಬೇಕಲ್ಲ

ಇಷ್ಟು ಅನುಕೂಲವಿರುವಾಗ ಮತ್ತೆ ಹಿಂದಿನ ಚಕ್ರಕ್ಕೆ ಹೋಗುವ ಹಟ ಏಕೆ? ಕಾರಣ ಟರ್ಬೊ. ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಸೇರಿಸಿದ ಇನ್ನೊಂದು ಚಕ್ರದಿಂದ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ ಅದು. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಗಾಳಿ ಹೆಚ್ಚು ಹೋದರೆ ಪೆಟ್ರೋಲೂ ಹೆಚ್ಚು ಸುಡಬಹುದು. ಸಣ್ಣ ಎಂಜಿನ್ ದೊಡ್ಡದರ ಕೆಲಸ ಮಾಡುತ್ತದೆ.

ಉದಾಹರಣೆಗೆ ಟೊಯೊಟಾದ 3ಎಸ್-ಜಿಟಿಇ ಎಂಬ ಎಂಜಿನ್ ನೋಡೋಣ. ಈ ಲೇಖನದ ಕಥಾನಾಯಕ ಅದೇ. ನಾಲ್ಕು ಸಿಲಿಂಡರ್, 1998 ಸಿ.ಸಿ. ಸೆಲಿಕಾ ಎಂಬ ಕಾರು 1970ರಿಂದ ಹಿಂಚಕ್ರ ಚಾಲನೆಯದಾಗಿತ್ತು. 1985ರಲ್ಲಿ ಅದರ ಎಂಜಿನ್ ಅಡ್ಡವಾಯಿತು. 1986ರಲ್ಲಿ ಟರ್ಬೊ ಸೇರಿ, ನಾಲ್ಕೂ ಚಕ್ರ ತಿರುಗಿಸುವ ಸೆಲಿಕಾ ಜಿಟಿ-ಫೋರ್ ಬಂತು. ಸ್ಪೇನಿನ ಕಾರ್ಲೋಸ್ ಸೈಂಜ್ 1990ರಲ್ಲೂ 1992ರಲ್ಲೂ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಈ ಕಾರಿನಲ್ಲಿ.

ಈ ಎಂಜಿನ್ನಿನ ತಿರುಚುಬಲ, ಅಂದರೆ ಟಾರ್ಕ್, ಒಂದು ಮಾದರಿಯಲ್ಲಿ ಸುಮಾರು 300 ನ್ಯೂಟನ್-ಮೀಟರ್. ಒಂದನೇ ಗಿಯರ್ ಅದನ್ನು ಸುಮಾರು 3.2 ಪಟ್ಟು, ಕೊನೆಯ ಗಿಯರ್ ಜೋಡಿ ಸುಮಾರು 4.2 ಪಟ್ಟು ಹೆಚ್ಚಿಸುತ್ತವೆ ಎಂದಿಟ್ಟುಕೊಳ್ಳಿ. ಚಕ್ರಗಳನ್ನು ತಲುಪುವಾಗ ಅದು 4,000 ನ್ಯೂಟನ್-ಮೀಟರ್ ದಾಟಿರುತ್ತದೆ. ಚಕ್ರದ ತ್ರಿಜ್ಯ 0.3 ಮೀಟರ್ ಆದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ 13,000 ನ್ಯೂಟನ್‌ಗಿಂತ ಹೆಚ್ಚು. 1,250 ಕಿಲೋಗ್ರಾಂ ಕಾರಿನ ಪೂರ್ತಿ ತೂಕವೇ ಸುಮಾರು 12,250 ನ್ಯೂಟನ್! ಒಣ ಟಾರು ರಸ್ತೆಯಲ್ಲೂ ಸಾಮಾನ್ಯ ಟೈರು ತನ್ನ ಮೇಲೆ ಬಿದ್ದ ತೂಕಕ್ಕಿಂತ ಹೆಚ್ಚಿನ ಬಲವನ್ನು ನೆಲಕ್ಕೆ ಕೊಡಲಾರದು. ಉಳಿದದ್ದೆಲ್ಲ ರಬ್ಬರಿನ ಹೊಗೆ.

ಇಲ್ಲೇ ಹಿಂದಿನ ಚಕ್ರದ ಮಹಿಮೆ ಇರುವುದು. ಸಿಟಿ ಬಸ್ ಸರ‍್ರನೆ ಹೊರಟಾಗ ನಿಂತವರೆಲ್ಲ ಹಿಂದಕ್ಕೆ ವಾಲುವುದಿಲ್ಲವೆ? ಕಾರೂ ಹಾಗೆಯೇ ವಾಲುತ್ತದೆ. ಗುರುತ್ವದ ಅರ್ಧದಷ್ಟು ವೇಗೋತ್ಕರ್ಷ, ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ ಗುರುತ್ವಕೇಂದ್ರ, ಚಕ್ರಗಳ ನಡುವೆ ಎರಡೂವರೆ ಮೀಟರ್ ಎಂದು ಲೆಕ್ಕ ಹಾಕಿದರೆ, ನಮ್ಮ ಕಾರಿನಲ್ಲಿ ಸುಮಾರು 125 ಕಿಲೋ ತೂಕ ಮುಂದಿನ ಚಕ್ರಗಳಿಂದ ಹಿಂದಿನವಕ್ಕೆ ಜಾರುತ್ತದೆ. ಎಳೆಯುವ ಚಕ್ರ ಮುಂದಿದ್ದರೆ ಬೇಕಾದ ಗಳಿಗೆಯಲ್ಲೇ ಅದರ ಹಿಡಿತ ಕಡಿಮೆಯಾಗುತ್ತದೆ, ಹಿಂದಿದ್ದರೆ ಹೆಚ್ಚುತ್ತದೆ. ಮುಂದಿನ ಟೈರಿಗೆ ತಿರುವಿನಲ್ಲಿ ದಾರಿ ತೋರಿಸುವ ಕೆಲಸವೂ ಇದೆ ಎಂಬುದನ್ನು ಮರೆಯಬಾರದು.

ಇದ್ದ ಹಾಗೇ ಎತ್ತಿ ಹಿಂದಿಡುವುದು

ಅಡ್ಡ ಎಂಜಿನ್ನಿನಿಂದ ಹಿಂದಿನ ಚಕ್ರ ತಿರುಗಿಸಲು ಬುದ್ಧಿವಂತರ ದಾರಿ ಒಂದಿದೆ. ಎಂಜಿನ್, ಗಿಯರ್‌ಬಾಕ್ಸ್, ಎರಡು ಆಕ್ಸಲ್ ದಂಡ, ಇಡೀ ಗಂಟನ್ನೇ ಬಿಚ್ಚದೆ ಎತ್ತಿ ಚಾಲಕನ ಬೆನ್ನ ಹಿಂದೆ ಇಟ್ಟುಬಿಡುವುದು. ಟೊಯೊಟಾ ಮಾಡಿದ್ದು ಅದನ್ನೇ. 1989ರ ಎಂಆರ್-2 ಕಾರಿನ ಟರ್ಬೊ ಮಾದರಿಯಲ್ಲಿ ಇದೇ 3ಎಸ್-ಜಿಟಿಇ ಸೀಟಿನ ಹಿಂದೆ ಅಡ್ಡಲಾಗಿ ಕುಳಿತಿತು. ಬ್ರಿಟನ್ನಿನ ಏರಿಯಲ್ ಆಟಮ್ ಎಂಬ ಬರಿಯ ಕೊಳವೆಗಳ ಕಾರಿನ ನಾಲ್ಕನೆಯ ಮಾದರಿಯಲ್ಲೂ ಇದೇ ಉಪಾಯ: ಮುಂಚಕ್ರ ಚಾಲನೆಯ ಹೊಂಡಾ ಸಿವಿಕ್ ಟೈಪ್-ಆರ್‌ನ ಟರ್ಬೊ ಎಂಜಿನ್ ಅದರಲ್ಲಿ ಚಾಲಕನ ಹಿಂದಿದೆ.

ಆದರೆ ಎತ್ತಿಡುವಾಗ ಅದನ್ನು ಹಿಂದುಮುಂದಾಗಿ ತಿರುಗಿಸಿಬಿಟ್ಟೀರಿ ಜೋಕೆ. ಗಿಯರ್‌ಬಾಕ್ಸ್ ಎಡಕ್ಕಿದ್ದದ್ದು ಬಲಕ್ಕೆ ಬಂದರೆ ಚಕ್ರ ತಿರುಗುವ ದಿಕ್ಕೂ ಉಲ್ಟಾ ಆಗಿ, ಕಾರಿಗೆ ಹಿಂದಕ್ಕೆ ಐದು ಗಿಯರ್, ಮುಂದಕ್ಕೆ ಒಂದೇ ಗಿಯರ್!

ಉಳಿದ ಕೆಲಸವೂ ಕಡಿಮೆಯೇನಲ್ಲ. ಮುಂದೆ ಇದ್ದಾಗ ಆ ಚಕ್ರಗಳು ಸ್ಟಿಯರಿಂಗಿನೊಂದಿಗೆ ತಿರುಗುತ್ತಿದ್ದವು. ಹಿಂದೆ ಹೋದ ಮೇಲೆ ಅಲ್ಲಾಡದಂತೆ ಸರಳು ಕೊಟ್ಟು ಬಂಧಿಸಬೇಕು. ರೇಡಿಯೇಟರ್ ಮುಂದೆಯೇ ಉಳಿದರೆ ನೀರಿನ ಕೊಳವೆ ಕಾರಿನ ಉದ್ದಕ್ಕೂ ಓಡಬೇಕು. ಅಷ್ಟುದ್ದದ ಕೊಳವೆಯಲ್ಲಿ ಎಲ್ಲಾದರೂ ಗಾಳಿಗುಳ್ಳೆ ಸಿಕ್ಕಿಕೊಂಡರೆ ನೀರು ಹರಿಯದೆ ಎಂಜಿನ್ ಕಾಯುತ್ತದೆ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೂ ಎದುರುಗಾಳಿ ಸಿಗುವುದಿಲ್ಲ. 27 ಡಿಗ್ರಿಯ ಗಾಳಿಯನ್ನು 1.7 ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣತೆ 95 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವ ತತ್ವವೇ ಇದು. ಬಿಸಿ ಗಾಳಿ ತೆಳು. ತಣಿಸದಿದ್ದರೆ ಟರ್ಬೊ ಹಾಕಿದ ಪ್ರಯೋಜನ ಅರ್ಧ ಹೋಯಿತು. ಎಂಆರ್-2 ಕಾರಿನ ಪಕ್ಕದಲ್ಲಿ ಮೀನಿನ ಕಿವಿರಿನಂತೆ ಕಾಣುವ ಕಿಂಡಿ ಬರಿಯ ಶೋಕಿಗೆ ಇಟ್ಟದ್ದಲ್ಲ.

ಇನ್ನೊಂದು ಮಾತು. ಭಾರ ಹಿಂದಿರುವ ಕಾರಿನಲ್ಲಿ ತಿರುವಿನ ನಡುವೆ ಹೆದರಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ತೂಕ ಮುಂದಕ್ಕೆ ಜಾರಿ, ಹಿಂಭಾಗ ಹಿಡಿತ ತಪ್ಪಿ ಗಿರ‍್ರನೆ ತಿರುಗಿಬಿಡುತ್ತದೆ. ಎಂಆರ್-2ಗೆ ಈ ಅಪಕೀರ್ತಿ ಇತ್ತು. 1990ರ ದಶಕದ ಆರಂಭದಲ್ಲಿ ಅದರ ಸಸ್ಪೆನ್ಷನ್, ಟೈರುಗಳನ್ನು ಪರಿಷ್ಕರಿಸಬೇಕಾಯಿತು. ದೊಡ್ಡ ಕಾರ್ಖಾನೆಗೇ ಈ ಪಾಡಾದರೆ ಷೆಡ್ಡಿನಲ್ಲಿ ಕೆಲಸ ಮಾಡುವವರ ಗತಿ?

ಬೆಂಕಿಪೆಟ್ಟಿಗೆಯ ಪಾಠ

ಎರಡನೆಯ ದಾರಿ, ಎಂಜಿನ್ ಮುಂದೆಯೇ ಇಟ್ಟು ಉದ್ದಕ್ಕೆ ತಿರುಗಿಸುವುದು. ಒಂದು ಬೆಂಕಿಪೆಟ್ಟಿಗೆ ತೆಗೆದುಕೊಂಡು ಮೇಜಿನ ಮೇಲೆ ನಿಮ್ಮೆದುರು ಅಡ್ಡಲಾಗಿ ಇಡಿ. ಅದೇ ಎಂಜಿನ್, ನೀವೇ ಚಾಲಕ. ಎಡ ತುದಿಗೆ ‘ಗಿ’ ಎಂದು ಬರೆಯಿರಿ. ಗಿಯರ್‌ಬಾಕ್ಸ್ ಆ ಕಡೆ. ನಿಮ್ಮ ಕಡೆಗಿರುವ ಉದ್ದ ಪಕ್ಕಕ್ಕೆ ‘ಟ’ ಎಂದು ಬರೆಯಿರಿ, ಟರ್ಬೊ ಅಲ್ಲಿದೆ. ಈಗ ‘ಗಿ’ ನಿಮ್ಮ ಕಡೆಗೆ ಬರುವಂತೆ ಪೆಟ್ಟಿಗೆಯನ್ನು ಕಾಲು ಸುತ್ತು ತಿರುಗಿಸಿ. ‘ಟ’ ಎಲ್ಲಿಗೆ ಹೋಯಿತು? ನಿಮ್ಮ ಬಲಕ್ಕೆ. ನಮ್ಮ ದೇಶದಲ್ಲಿ, ಜಪಾನಿನಲ್ಲಿ, ಬ್ರಿಟನ್ನಿನಲ್ಲಿ ಸ್ಟಿಯರಿಂಗ್ ದಂಡ ಇಳಿಯುವುದು ಸರಿಯಾಗಿ ಅದೇ ಕಡೆ. ಕೆಂಪಗೆ ಕಾಯುವ ಟರ್ಬೊ, ಪಕ್ಕದಲ್ಲೇ ಸ್ಟಿಯರಿಂಗ್! ಅಮೆರಿಕದವರಿಗೆ ಇದು ತೊಂದರೆಯೇ ಅಲ್ಲ, ಅವರ ಸ್ಟಿಯರಿಂಗ್ ಎಡಕ್ಕಿದೆ. ಟರ್ಬೊ ಮುಂಭಾಗದಲ್ಲಿರುವ ಎಂಜಿನ್ ಆದರೆ ಕಷ್ಟ ಅವರ ಪಾಲಿಗೆ.

‘ಗಿ’ ತುದಿ ಈಗ ಚಾಲಕನ ಮುಂದಿನ ತಗಡಿನ ಗೋಡೆಗೆ ತಾಗುತ್ತಿದೆ. ಹಲವು ಅಡ್ಡ ಎಂಜಿನ್ನುಗಳಲ್ಲಿ ಬಿಸಿನೀರು ಹೊರಬರುವ ಕೊಳವೆಯೂ, ಹಳೆಯ ಮಾದರಿಗಳಲ್ಲಿ ಡಿಸ್ಟ್ರಿಬ್ಯೂಟರ್ ಕೂಡ ಅದೇ ತುದಿಯಲ್ಲಿರುತ್ತವೆ. ಅಡ್ಡ ಇದ್ದಾಗ ಅಲ್ಲಿ ಬೇಕಾದಷ್ಟು ಜಾಗವಿತ್ತು. ಈಗ ನೀರಿನ ದಾರಿಯನ್ನು ಹೊಸದಾಗಿ ಮಾಡಬೇಕು, ಇಲ್ಲವೇ ಗೋಡೆಯನ್ನೇ ತಗ್ಗು ಮಾಡಬೇಕು.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಕಣ್ಣಿಗೆ ಕಾಣದ್ದು. ಅದು ಎಣ್ಣೆ. ಎಂಜಿನ್ನಿನ ತಳದಲ್ಲಿ ಆಯಿಲ್ ಸಂಪ್ ಎಂಬ ತಟ್ಟೆಯಿದೆ. ಗ್ಯಾರೇಜಿನವರು ಆಯಿಲ್ ಚೇಂಬರ್ ಎನ್ನುತ್ತಾರೆ. ಅದರಲ್ಲಿ ಮುಳುಗಿದ ಕೊಳವೆಯ ಮೂಲಕ ಪಂಪು ಎಣ್ಣೆಯನ್ನು ಎಳೆದು ಬೇರಿಂಗುಗಳಿಗೆ ಕಳಿಸುತ್ತದೆ. ಕಾರು ತಿರುವಿನಲ್ಲಿರುವಾಗ ಎಣ್ಣೆ ಒಂದು ಪಕ್ಕಕ್ಕೆ ಏರುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ. ಎಷ್ಟು ಎಂಬುದನ್ನು ಹೈಸ್ಕೂಲಿನ ತ್ರಿಕೋನಮಿತಿಯೇ ಹೇಳುತ್ತದೆ: ಎಣ್ಣೆಯ ಮೇಲ್ಮೈ ವಾಲುವ ಕೋನದ ಟ್ಯಾನ್, ಕಾರಿನ ವೇಗೋತ್ಕರ್ಷವನ್ನು ಗುರುತ್ವದ ವೇಗೋತ್ಕರ್ಷದಿಂದ ಭಾಗಿಸಿದಷ್ಟು. ಗುರುತ್ವದ ಅರ್ಧದಷ್ಟಾದರೆ ಟ್ಯಾನ್ ಬೆಲೆ 0.5, ಕೋನ 26 ಡಿಗ್ರಿ ದಾಟುತ್ತದೆ. ಸಂಪ್ 40 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಇದೆಯೆನ್ನಿ. ಉದ್ದದ ದಿಕ್ಕಿನಲ್ಲಿ ವಾಲಿದರೆ ಒಂದು ತುದಿಗೂ ಇನ್ನೊಂದಕ್ಕೂ ಎಣ್ಣೆಯ ಮಟ್ಟದಲ್ಲಿ 20 ಸೆಂಟಿಮೀಟರ್ ವ್ಯತ್ಯಾಸ. ಅಗಲದ ದಿಕ್ಕಿನಲ್ಲಿ 10 ಮಾತ್ರ. ಅಷ್ಟು ಆಳ ಸಂಪಿಗೇ ಇರುವುದಿಲ್ಲ. ಅಂದರೆ ಒಂದು ತುದಿ ಪೂರ್ತಿ ಒಣಗುತ್ತದೆ.

ಎಂಜಿನ್ ಅಡ್ಡ ಇದ್ದಾಗ ಅದರ ಉದ್ದದ ದಿಕ್ಕಿಗೆ ಎಣ್ಣೆ ಓಡುವುದು ತಿರುವಿನಲ್ಲಿ. ಕಾರ್ಖಾನೆಯವರು ಅದಕ್ಕೆ ಸರಿಯಾಗಿ ಸಂಪಿನೊಳಗೆ ತಡೆಗೋಡೆ ಇಟ್ಟಿರುತ್ತಾರೆ. ಉದ್ದಕ್ಕೆ ತಿರುಗಿಸಿದ ಮೇಲೆ ಆ ಓಟ ಬ್ರೇಕ್ ಹಾಕಿದಾಗ, ವೇಗ ಹೆಚ್ಚಿಸಿದಾಗ. ತಡೆಗೋಡೆಗಳು ಈಗ ತಪ್ಪು ದಿಕ್ಕಿನಲ್ಲಿವೆ. ಕೊಳವೆ ಎಣ್ಣೆಯ ಬದಲು ಗಾಳಿ ಹೀರಿದರೆ ಬೇರಿಂಗ್ ಸುಡಲು ಕೆಲವೇ ಸೆಕೆಂಡು ಸಾಕು. ವರ್ಷಗಟ್ಟಲೆ ಕೂಡಿಟ್ಟ ಹಣ ಅಷ್ಟರಲ್ಲಿ ಲೋಹದ ಪುಡಿಯಾಗಿರುತ್ತದೆ. ಸಾಲದ್ದಕ್ಕೆ ಹಿಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ನಿನ ಕೆಳಗೆ ಅಡ್ಡ ತೊಲೆಯೂ ಸ್ಟಿಯರಿಂಗ್ ಸಾಧನವೂ ಹಾದುಹೋಗುತ್ತವೆ. ಹಳೆಯ ಸಂಪ್ ಅಲ್ಲಿ ಕೂರುವುದೇ ಇಲ್ಲ. ಕತ್ತರಿಸಿ, ಬೇರೆ ಆಕಾರಕ್ಕೆ ಬೆಸೆದು, ಹೀರುವ ಕೊಳವೆಯನ್ನು ಹೊಸ ಜಾಗಕ್ಕೆ ಒಯ್ಯಬೇಕು. ಟರ್ಬೊದಿಂದ ಎಣ್ಣೆ ವಾಪಸು ಬರುವ ಕೊಳವೆಗೆ ಪಂಪಿಲ್ಲ, ಬರಿಯ ಗುರುತ್ವದ ಇಳಿಜಾರು. ಅದು ಸಂಪಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಸೇರಬೇಕು.

ಬಲ್ಲವರು ಹಾಗಾಗಿ ಮೊದಲು ಹುಡುಕುವುದು ಟರ್ಬೊವನ್ನಲ್ಲ, ಸಂಪನ್ನು. ಅದೇ ಎಂಜಿನ್ ಕುಟುಂಬವನ್ನು ಕಂಪನಿಯೇ ಎಲ್ಲಾದರೂ ಉದ್ದಕ್ಕೆ ಬಳಸಿದೆಯೇ ಎಂದು ನೋಡುತ್ತಾರೆ. 3ಎಸ್ ಕುಟುಂಬಕ್ಕೆ ಆ ಭಾಗ್ಯವಿದೆ. ಟೊಯೊಟಾದ ಟೌನ್‌ಏಸ್ ನೋವಾ ಎಂಬ ವ್ಯಾನಿನಲ್ಲಿ, ನಮ್ಮ ಓಮ್ನಿಯಂತೆಯೇ ಸೀಟಿನಡಿ, ಅದರ ಟರ್ಬೊ ಇಲ್ಲದ ತಮ್ಮನೊಬ್ಬ ಉದ್ದಕ್ಕೆ ಮಲಗಿದ್ದ. 1998ರ ಆಲ್ಟೆಜಾ ಕಾರಿನಲ್ಲಿ ಇನ್ನೊಬ್ಬ ಸೋದರ ಆರು ಗಿಯರಿನ ಪೆಟ್ಟಿಗೆಯೊಂದಿಗೆ ಹಿಂದಿನ ಚಕ್ರ ತಿರುಗಿಸುತ್ತಿದ್ದ. ಇಂಥ ಬಂಧುಗಳಿಲ್ಲದ ಎಂಜಿನ್ ಕೊಂಡವನು ಪ್ರತಿ ತುಂಡನ್ನೂ ತಾನೇ ಮಾಡಿಸಬೇಕು.

ಕೂದಲೆಳೆಯ ಕೆಲಸ

ಗಿಯರ್‌ಬಾಕ್ಸಿನದು ಬೇರೆಯೇ ಕತೆ. ಅಡ್ಡ ಎಂಜಿನ್ನಿನ ಗಿಯರ್‌ಬಾಕ್ಸಿನೊಳಗೆ ಡಿಫರೆನ್ಷಿಯಲ್ ಕೂಡ ಸೇರಿಕೊಂಡಿರುತ್ತದೆ. ಹಿಂದಕ್ಕೆ ಶಾಫ್ಟ್ ಕಳಿಸಲು ಅದು ಬಾರದು. ಬೇರೆ ಕಾರಿನ ಉದ್ದ ಗಿಯರ್‌ಬಾಕ್ಸ್ ತಂದು, ನಡುವೆ ದಪ್ಪ ಲೋಹದ ತಟ್ಟೆ ಕೊಟ್ಟು ಜೋಡಿಸಬೇಕು. ಎರಡರ ಬೋಲ್ಟಿನ ತೂತು ಹೊಂದಿದರೆ ಸಾಲದು, ಎರಡು ಶಾಫ್ಟುಗಳ ಕೇಂದ್ರ ಒಂದೇ ಗೆರೆಯಲ್ಲಿರಬೇಕು. ಕೂದಲೆಳೆಯ ದಪ್ಪದಷ್ಟು ಆಚೀಚೆಯಾದರೂ ಕ್ಲಚ್ ಸವೆದು, ಬೇರಿಂಗ್ ಕೂಗತೊಡಗುತ್ತದೆ. ಉದ್ದ ಗಿಯರ್‌ಬಾಕ್ಸಿನ ಮುಂದಿನ ದಂಡ ನೀಳವಾದ್ದರಿಂದ ಅದರ ಮೂಗಿಗೆ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಒಂದು ಪುಟ್ಟ ಪೈಲಟ್ ಬೇರಿಂಗ್ ಆಸರೆ ಬೇಕು. ಅಡ್ಡ ಎಂಜಿನ್ನಿನಲ್ಲಿ ಅದಕ್ಕೆ ಜಾಗವನ್ನೇ ಕೊರೆದಿರುವುದಿಲ್ಲ ಎನ್ನುವುದು ಎಷ್ಟೋ ಜನಕ್ಕೆ ಎಲ್ಲ ಬಿಗಿದ ಮೇಲೆ ತಿಳಿಯುತ್ತದೆ.

ಹೊಂಡಾ ಕಂಪನಿಯ ಹಳೆಯ ಎಂಜಿನ್ನುಗಳಲ್ಲಿ ಇನ್ನೊಂದು ತಮಾಷೆ. ಹೆಚ್ಚಿನ ಎಂಜಿನ್ನುಗಳು ಬೆಲ್ಟಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಇವು ಅದಕ್ಕೆ ವಿರುದ್ಧ. ಅಂಥದ್ದನ್ನು ಉದ್ದಕ್ಕೆ ತಿರುಗಿಸಿ ಮಾಮೂಲಿ ಗಿಯರ್‌ಬಾಕ್ಸ್, ಮಾಮೂಲಿ ಹಿಂದಿನ ಆಕ್ಸಲ್ ಹಾಕಿದರೆ ಕಾರು ಹಿಂದಕ್ಕೇ ಓಡೀತು.

ಪ್ರೊಪೆಲ್ಲರ್ ಶಾಫ್ಟಿಗೆ ಬಂದರೆ ಪಠ್ಯಪುಸ್ತಕದ ಹಳೆಯ ಪರಿಚಿತ ರಾಬರ್ಟ್ ಹುಕ್ ಎದುರಾಗುತ್ತಾರೆ. ಸ್ಪ್ರಿಂಗಿನ ನಿಯಮ ಹೇಳಿದ ಅದೇ ಹುಕ್. ಶಾಫ್ಟಿನ ಎರಡೂ ತುದಿಯ ಯೂನಿವರ್ಸಲ್ ಜಾಯಿಂಟಿಗೆ ಹುಕ್ ಜಾಯಿಂಟ್ ಎಂದೇ ಇನ್ನೊಂದು ಹೆಸರು. ಓರೆಯಾದ ಜಾಯಿಂಟಿಗೆ ಒಂದು ಚಾಳಿ: ಒಳಬರುವ ವೇಗ ಸಮವಾಗಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಬಾರಿ ಏರಿಳಿಯುತ್ತದೆ. 10 ಡಿಗ್ರಿ ಓರೆಯಲ್ಲಿ ಈ ಏರಿಳಿತ ಮೇಲಕ್ಕೂ ಕೆಳಕ್ಕೂ ಸುಮಾರು ಶೇಕಡಾ ಒಂದೂವರೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಶಾಫ್ಟಾದರೆ ಸೆಕೆಂಡಿಗೆ 100 ಬಾರಿ ಕಾರು ನಡುಗುತ್ತದೆ. ಎರಡೂ ತುದಿಯ ಕೋನ ಸಮವಾಗಿದ್ದರೆ ಒಂದರ ತಪ್ಪನ್ನು ಇನ್ನೊಂದು ಸರಿಪಡಿಸುತ್ತದೆ. ಆದ್ದರಿಂದ ಎಂಜಿನ್ನನ್ನು ಎಷ್ಟು ಓರೆಯಾಗಿ ಕೂರಿಸಬೇಕು ಎಂಬುದನ್ನು ಹಿಂದಿನ ಆಕ್ಸಲ್ ತೀರ್ಮಾನಿಸುತ್ತದೆ!

ಉದ್ದಕ್ಕೆ ತಿರುಗಿಸಿದ್ದರಿಂದ ಒಂದು ಲಾಭವೂ ಇದೆ ಎನ್ನಬೇಕು. ನ್ಯೂಟನ್ನನ ಮೂರನೆಯ ನಿಯಮದಂತೆ ಚಕ್ರವನ್ನು ತಿರುಚಿದಷ್ಟೇ ಬಲ ತಿರುಚಿದವನಿಗೂ ವಾಪಸು ಬರುತ್ತದೆ. ಅಡ್ಡ ಎಂಜಿನ್ನಿನಲ್ಲಿ ಕೊನೆಯ ಗಿಯರೂ ಅದೇ ಪೆಟ್ಟಿಗೆಯಲ್ಲಿರುವುದರಿಂದ ಆ 4,000 ನ್ಯೂಟನ್-ಮೀಟರನ್ನೂ ಎಂಜಿನ್ ಮೌಂಟಿಂಗಿನ ರಬ್ಬರುಗಳೇ ತಡೆಯಬೇಕು. ಉದ್ದ ಎಂಜಿನ್ನಿನ ಮೌಂಟಿಂಗಿಗೆ ಒಂದನೇ ಗಿಯರಿನ 960ರಷ್ಟೇ ಪಾಲು. ಉಳಿದ ಭಾರ ಹಿಂದಿನ ಆಕ್ಸಲಿನದು.

ಆರರ ಬದಲು ನಾಲ್ಕು

ಈ ಎಲ್ಲ ತಾಪತ್ರಯವನ್ನು ಹಣವೂ ಯಂತ್ರಗಳೂ ಇದ್ದವರು ಪೂರ್ತಿಯಾಗಿ ಮಾಡಿದರೆ ಏನಾಗುತ್ತದೆ? ಉತ್ತರ ಜಪಾನಿನ ರೇಸಿನಲ್ಲಿದೆ. ಟೊಯೊಟಾದ ಸುಪ್ರಾ ಕಾರಿನಲ್ಲಿ 2ಜೆಜೆಡ್ ಎಂಬ ಆರು ಸಿಲಿಂಡರಿನ ಹೆಸರಾಂತ ಟರ್ಬೊ ಎಂಜಿನ್ ಉದ್ದಕ್ಕೆ ಇತ್ತು. ಆದರೆ 1990ರ ದಶಕದ ನಡುವಿನಿಂದ ಹಲವು ವರ್ಷ ಜಪಾನಿನ ಜಿಟಿ ಚಾಂಪಿಯನ್‌ಶಿಪ್‌ನಲ್ಲಿ ಓಡಿದ ಸುಪ್ರಾಗಳಲ್ಲಿ ಅದನ್ನು ತೆಗೆದು, ಸೆಲಿಕಾದ ಅಡ್ಡ ಎಂಜಿನ್ ನಮ್ಮ 3ಎಸ್-ಜಿಟಿಇಯನ್ನು ಉದ್ದಕ್ಕೆ ತಿರುಗಿಸಿ ಕೂರಿಸಿದ್ದರು. ಆರನ್ನು ಬಿಟ್ಟು ನಾಲ್ಕನ್ನು ಆರಿಸುವುದೆಂದರೆ ಯಾರಾದರೂ ನಕ್ಕಾರು.

ಸ್ವಾರಸ್ಯವೆಂದರೆ ಎರಡರಲ್ಲೂ ಸಿಲಿಂಡರಿನ ವ್ಯಾಸ 86 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರವೂ 86 ಮಿಲಿಮೀಟರ್. ಒಂದು ಆರು ಸಲ, ಇನ್ನೊಂದು ನಾಲ್ಕು ಸಲ, ಅಷ್ಟೇ. ಆ ಪಂದ್ಯದ ನಿಯಮದಂತೆ ಎಂಜಿನ್ನಿಗೆ ಹೋಗುವ ಗಾಳಿ ನಿಗದಿತ ವ್ಯಾಸದ ಕಿರಿದಾದ ಉಂಗುರದ ಮೂಲಕವೇ ಹಾಯಬೇಕು. ಶಕ್ತಿ ಸುಮಾರು 500 ಅಶ್ವಶಕ್ತಿಗೆ ನಿಲ್ಲಲಿ ಎಂಬುದು ಉದ್ದೇಶ. ಗಾಳಿಗೇ ಮಿತಿಯಿರುವಾಗ ಆರು ಸಿಲಿಂಡರಿನಿಂದ ಏನು ಬಂತು? ಎರಡು ಸಿಲಿಂಡರಿನಷ್ಟು ಮೋಟಾದ, ಹಗುರಾದ ಎಂಜಿನ್ನನ್ನು ಹಿಂದಕ್ಕೆ ಸರಿಸಿ ಕಾರಿನ ನಡುಭಾಗದ ಹತ್ತಿರ ಕೂರಿಸಬಹುದು. ನೀರಿನ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದವರು ಥಟ್ಟನೆ ತಿರುಗಬಲ್ಲರು. ಕೈಚಾಚಿ ಹಿಡಿದರೆ ಸಾಧ್ಯವೇ? ಕಾರಿನ ತಿರುವಿಗೂ ಇದೇ ಜಡತ್ವದ ಲೆಕ್ಕ. 1997ರಲ್ಲಿ ಪೆದ್ರೊ ಡಿ ಲಾ ರೋಸಾ ಮತ್ತು ಮೈಕೆಲ್ ಕ್ರುಮ್ ಇಂಥ ಸುಪ್ರಾದಲ್ಲಿ ಅಲ್ಲಿನ ಜಿಟಿ-500 ಪ್ರಶಸ್ತಿ ಗೆದ್ದರು.

ಅಂದ ಹಾಗೆ ಆ ಗಾಳಿಯ ಉಂಗುರ ಟೊಯೊಟಾಕ್ಕೆ ಒಮ್ಮೆ ಅಪಮಾನವನ್ನೂ ತಂದಿತ್ತು. 1995ರ ವಿಶ್ವ ರ‍್ಯಾಲಿಯಲ್ಲಿ ಉಂಗುರದ ವ್ಯಾಸ 34 ಮಿಲಿಮೀಟರ್ ಮೀರಬಾರದಾಗಿತ್ತು. ಸ್ಪೇನಿನ ಕ್ಯಾಟಲೂನ್ಯಾ ರ‍್ಯಾಲಿಯಲ್ಲಿ ಸೆಲಿಕಾ ಕಾರುಗಳನ್ನು ಪರೀಕ್ಷಿಸಿದಾಗ, ಉಂಗುರದ ಪಕ್ಕದಿಂದಲೂ ಗಾಳಿ ನುಸುಳುವಂಥ ಕುಶಲ ಏರ್ಪಾಡು ಪತ್ತೆಯಾಯಿತು. ಗಳಿಸಿದ ಅಂಕಗಳೆಲ್ಲ ರದ್ದಾಗಿ ತಂಡಕ್ಕೆ ಒಂದು ವರ್ಷ ನಿಷೇಧ ಬಿತ್ತು.

ಅಡ್ಡದಾರಿ ಮತ್ತು ಆರ್.ಟಿ.ಒ.

ಕೆಲವರು ಇನ್ನೂ ಸುಲಭದ ಉಪಾಯ ಹೂಡುತ್ತಾರೆ. ನಾಲ್ಕೂ ಚಕ್ರ ತಿರುಗಿಸುವ ಕಾರಿನಲ್ಲಿ ಮುಂದಿನ ಎರಡು ದಂಡ ತೆಗೆದುಬಿಟ್ಟರೆ ಅದು ಹಿಂಚಕ್ರ ಚಾಲನೆಯಾಯಿತಲ್ಲ ಎಂದು. ನಡುವಿನ ಡಿಫರೆನ್ಷಿಯಲನ್ನು ಬಂಧಿಸಿದರೆ ಕಾರು ಓಡುವುದು ನಿಜ. ಆದರೆ ಹಿಂದಕ್ಕೆ ಶಕ್ತಿ ತಿರುಗಿಸುವ ಪುಟ್ಟ ಓರೆ ಗಿಯರುಗಳು ಒಂದು ಪಾಲು ಭಾರಕ್ಕೆಂದು ಮಾಡಿದವು. ಪೂರ್ತಿ ಭಾರ ಹೊರಿಸಿದರೆ ಅವು ಹೆಚ್ಚು ದಿನ ಬಾಳುವುದಿಲ್ಲ.

ಬ್ರೇಕಿನ ವಿಷಯ ಇದಕ್ಕಿಂತ ಗಂಭೀರ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ಅಷ್ಟೂ ಶಾಖವಾಗಿ ಬ್ರೇಕಿನಲ್ಲೇ ಕರಗಬೇಕು. 60 ಅಶ್ವಶಕ್ತಿಗೆಂದು ಮಾಡಿದ ಹಳೆಯ ಕಾರಿಗೆ 220ರ ಎಂಜಿನ್ ಹಾಕಿ ಬ್ರೇಕು ಹಳೆಯದನ್ನೇ ಉಳಿಸಿಕೊಂಡ ಹುಡುಗನಿಗೆ ಎಂಜಿನಿಯರ್ ಎನ್ನುವುದು ಕಷ್ಟ.

ತಂದೆತಾಯಿಯರು ತಿಳಿದಿರಬೇಕಾದ ಇನ್ನೊಂದು ಸಂಗತಿ ಕಾನೂನಿನದು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಸವೆದ ಎಂಜಿನ್ನಿಗೆ ಬದಲಾಗಿ ಅದೇ ಮಾದರಿಯದನ್ನು ಅನುಮತಿ ಪಡೆದು ಹಾಕಿಸುವುದು ಬೇರೆ ಮಾತು. ಮನೆಯ ಹಳೆಯ ಕಾರಿಗೆ ಬೇರೆ ಕಂಪನಿಯ ಟರ್ಬೊ ಎಂಜಿನ್ ಕೂರಿಸಿ ರಸ್ತೆಗಿಳಿಸಿದರೆ ಆರ್.ಟಿ.ಒ. ದಂಡ ಒಂದು ಕಡೆ. ಅಪಘಾತವಾದಾಗ ವಿಮೆಯೂ ಕೈಕೊಡುವ ಅಪಾಯ ಇನ್ನೊಂದು ಕಡೆ.

ಹಾಗೆಂದು ಮಕ್ಕಳ ಆಸೆಗೆ ತಣ್ಣೀರೆರಚಬೇಕಿಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದಲ್ಲೇ ಮಾರುತಿ 800ರ ಎಂಜಿನ್ ಬಳಸಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಮುಂದೆ ಫಾರ್ಮುಲಾ ಒನ್ ತಲುಪಿದ ನರೇನ್ ಕಾರ್ತಿಕೇಯನ್ ಮೊದಲು ಓಡಿಸಿದ ರೇಸ್ ಕಾರುಗಳಲ್ಲಿ ಅದೂ ಒಂದು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಫಾರ್ಮುಲಾ ಭಾರತ್ ಸ್ಪರ್ಧೆಗಳು ನಡೆದಿವೆ. ಅಲ್ಲಿ ಕಾರನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ ಕಟ್ಟಬೇಕು. ಪೆಟ್ರೋಲ್ ಕಾರಾದರೆ ಎಂಜಿನ್ 710 ಸಿ.ಸಿ. ಮೀರಬಾರದು, ಗಾಳಿ 20 ಮಿಲಿಮೀಟರಿನ ಉಂಗುರದ ಮೂಲಕವೇ ಹೋಗಬೇಕು. ಹೆಚ್ಚಿನವರು ಮೋಟಾರ್‌ಸೈಕಲ್ಲಿನ ಎಂಜಿನ್ನನ್ನು ಚಾಲಕನ ಹಿಂದೆ ಅಡ್ಡಲಾಗಿ ಕೂರಿಸಿ ಚೈನಿನಿಂದ ಹಿಂದಿನ ಚಕ್ರ ತಿರುಗಿಸುತ್ತಾರೆ. ಎರಡೂ ಅಕ್ಷ ಸಮಾಂತರವಾದ್ದರಿಂದ ಓರೆ ಗಿಯರಿನ ಹಂಗಿಲ್ಲ. ಆದರೆ ಬೈಕು ತಿರುವಿನಲ್ಲಿ ವಾಲುತ್ತದೆ, ಕಾರು ವಾಲುವುದಿಲ್ಲ. ಹಾಗಾಗಿ ಇಲ್ಲೂ ಮೊದಲು ತಂಟೆ ಮಾಡುವುದು ಸಂಪಿನೊಳಗಿನ ಎಣ್ಣೆಯೇ.

ಇಂಥ ಸ್ಪರ್ಧೆಗಳಲ್ಲಿ ಟ್ರ್ಯಾಕಿಗೆ ಇಳಿಯುವ ಮೊದಲು ಒಂದು ಪರೀಕ್ಷೆಯಿದೆ. ಕಾರನ್ನು ದೊಡ್ಡ ಹಲಗೆಯ ಮೇಲೆ ನಿಲ್ಲಿಸಿ ಒಂದು ಪಕ್ಕಕ್ಕೆ 60 ಡಿಗ್ರಿ ಓರೆ ಮಾಡುತ್ತಾರೆ. ಮೇಲಿನ ಚಕ್ರಗಳು ಹಲಗೆ ಬಿಡಬಾರದು, ಒಂದು ಹನಿ ಎಣ್ಣೆಯೂ ಸೋರಬಾರದು. ಗುರುತ್ವದ 1.7 ಪಟ್ಟು ಬಲದಲ್ಲಿ ತಿರುವು ತೆಗೆದುಕೊಂಡಾಗ ಆಗುವುದಕ್ಕೆ ಇದು ಸಮ. 1.7 ಹೇಗೆ ಬಂತು ಎಂದು ಗೊತ್ತಾಗದಿದ್ದರೆ ಟ್ಯಾನ್ 60ರ ಬೆಲೆ ಎಷ್ಟೆಂದು ಮನೆಯಲ್ಲಿರುವ ಹತ್ತನೆಯ ತರಗತಿಯವರನ್ನು ಕೇಳಿ.